ಕಾಫಿ ಕುಡಿದು ಬರುವಷ್ಟರಲ್ಲಿ

“ಕುರಿ ಮೇಯೋ ಗೋಮಾಳನ ಕಂಪ್ನಿಗೆ ಕೊಡೋ ಕಾನೂನು ಪಾಸಾಗೋವಾಗ ಎಲ್ಲಿದ್ದೆ? ಬಾಯ್ಬಿಡ್ಲಾ!” ಶಾಸಕ ಚನ್ನೇಶನ ಮನೆಯ ಪಡಸಾಲೆಯಲ್ಲಿ ಎಲ್ಲರೆದುರೇ ಗುಡುಗಿದವನು ಗಂಡಸಿ ಗ್ರಾಮದ ಕುರಿಗಾಹಿ ಜವರಣ್ಣ. ಊರೂರು ಸುತ್ತಿ ಚನ್ನೇಶನಿಗೆ ಓಟು ಹಾಕಿಸಿದವನೂ ಅವನೇ.

“ವಿರೋಧಿಸಿ ಸಭಾತ್ಯಾಗ ಮಾಡಿದ್ವಿ ಕಣಣ್ಣ. ಘೋಷಣೆ ಕೂಗಿದ್ದು ಟೀವೀಲೂ ಬಂತಲ್ಲ?”

“ಎದ್ದೋಗಿ ಏನ್ ಮಾಡಿದ್ರಿ?”

ಚನ್ನೇಶ ತಡವರಿಸಿದ. “ಕ್ಯಾಂಟೀನಲ್ಲಿ ಕಾಫಿ ಕುಡಿದ್ವಿ. ವಾಪಸ್ ಬರೋಷ್ಟರಲ್ಲಿ ಪಾಸಾಗೋಗಿತ್ತು.”

“ಹಂಗಾರೆ ಬ್ಯಾಡ ಅನ್ನಕ್ಕೆ ಒಳಗೆ ಒಬ್ಬನೂ ಇರ್ನಿಲ್ವಾ? ನನ್ ಕುರಿನೂ ನಿಮ್ ಕ್ಯಾಂಟೀನಿಗೇ ಹೊಡ್ಕೊಂಡ್ ಬರ್ಲಾ?”

ಯಾರೋ ಕಿಸಕ್ಕೆಂದರು. ಚನ್ನೇಶನ ಮುಖ ಕೆಂಪೇರಿತು. ಅಂದು ಸದನದಲ್ಲಿ ಬೇಡ ಎನ್ನಲು ಮೈಕು ಅವನ ಎದುರಿಗೇ ಇತ್ತು. “ತಪ್ಪಾಯ್ತಣ್ಣ, ಕೂತ್ಕೊ. ಊಟ ಮಾಡ್ಕೊಂಡು ಮಾತಾಡಣ.”

ಜವರಣ್ಣ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ. ಚನ್ನೇಶ ಎಲೆಯ ಮುಂದೆ ಕಾದು ಕೂತ. ಅನ್ನ ಆರಿತು. ಜವರಣ್ಣ ಬರಲಿಲ್ಲ.