ಅಗಲ ಮಡ್‌ಗಾರ್ಡ್

“ಮೊದಲು ಇದನ್ನ ಕಿತ್ತುಹಾಕಿಸಿ. ಆಮೇಲೆ ರೇಟು ಮಾತಾಡೋಣ,” ಎಂದು ಬೆಲೆ ಕಟ್ಟಲು ಬಂದವನು ಕಾರಿನ ಹಿಂಬದಿಯ ಅಗಲವಾದ ಮಡ್‌ಗಾರ್ಡಿಗೆ ಬೆರಳಿನಿಂದ ಟಕ್ಕೆಂದು ಬಾರಿಸಿದ.

ಅಣ್ಣನಿಗೆ ಎದೆಗೇ ಬಾರಿಸಿದಂತಾಯಿತು. ಅದನ್ನು ಬಡಿದು ಮಾಡಿದವನು ಅವನೇ. ಟಿಂಕರಿಂಗ್ ಕೆಲಸದಲ್ಲೇ ತಲೆ ಬೆಳ್ಳಗಾದವನು. ಆ ಕೈಯಿಂದ ಇದಕ್ಕಿಂತ ಒಳ್ಳೆಯ ಕೆಲಸ ಹಿಂದೆಯೂ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. ಕಾರು ತಮ್ಮನದು. ಇಟಲಿಯದು, ನೆಲಕ್ಕೆ ಅವುಚಿಕೊಂಡು ಕೂತಿರುವಂಥದ್ದು. ಮಂಡಿನೋವು ಹಿಡಿದ ಮೇಲೆ ಅದರೊಳಗೆ ಇಳಿದು ಏಳುವುದೇ ದೊಡ್ಡ ಪಾಡಾಗಿ, ತಮ್ಮ ಮಾರಲು ಹೊರಟಿದ್ದ. ಕೊಂಡಾಗ ಅದು ಮೊದಲ ಮಾದರಿ, ಸಣ್ಣ ಮಡ್‌ಗಾರ್ಡಿನ ಬೋಳುಬೋಳು ಕಾರು. ಆಮೇಲೆ ಅದೇ ಕಂಪನಿ ದಪ್ಪ ಚಕ್ರ, ಉಬ್ಬಿದ ಮಡ್‌ಗಾರ್ಡು ಇಟ್ಟು ಹೊಸದನ್ನು ಬಿಟ್ಟಾಗ ತಮ್ಮನ ನಿದ್ದೆ ಕೆಟ್ಟಿತು. “ಅಣ್ಣಾ, ನನ್ನದನ್ನೂ ಹಾಗೇ ಮಾಡಿಕೊಡು,” ಎಂದು ದುಂಬಾಲು ಬಿದ್ದ. ಅಣ್ಣ ಇಡೀ ಬೇಸಿಗೆ ಗಿರಾಕಿಗಳನ್ನು ಬಾಗಿಲಿಂದಲೇ ವಾಪಸು ಕಳಿಸಿ ಮಾಡಿಕೊಟ್ಟಿದ್ದ.

“ಯಾಕೆ ಸ್ವಾಮಿ, ಕೆಲಸದಲ್ಲೇನಾದ್ರೂ ಐಬು ಇದ್ಯಾ?” ಅಣ್ಣನ ದನಿ ಅವನಿಗೇ ಕೇಳಿಸದಷ್ಟು ಸಣ್ಣಗಿತ್ತು.

“ಐಬಾ? ಇಷ್ಟು ಚೆನ್ನಾಗಿ ಬಡಿದದ್ದನ್ನ ನಾನು ನೋಡೇ ಇಲ್ಲ. ಆದ್ರೆ ಈಗ ಜನಕ್ಕೆ ಬೇಕಾಗಿರೋದು ಆ ಬೋಳು ಕಾರೇ. ಆಗ ಸುಮಾರು ಜನ ನಿಮ್ಮ ಹಾಗೇ ಬದಲಾಯಿಸಿಬಿಟ್ರು. ಹುಟ್ಟಿದ ಹಾಗೇ ಉಳಿದಿರೋವು ಬೆರಳೆಣಿಕೆ. ಹಳೇ ಮಡ್‌ಗಾರ್ಡ್ ಎರಡೂ ಸಿಕ್ಕಿದ್ರೆ ಇದಕ್ಕೆ ನಾಲ್ಕು ಪಟ್ಟು ಬೆಲೆ.”

ತಮ್ಮ ಹಾಗೇ ಗೋಡೆಗೆ ಒರಗಿದ. “ಅಣ್ಣಾ... ಹಳೇವು?”

ಬಿಚ್ಚಿದ ದಿನ “ಎಲ್ಲಾದ್ರೂ ಬಿಸಾಕು” ಎಂದವನು ತಮ್ಮನೇ. ಈಗ ಅದನ್ನು ಎತ್ತಿ ಆಡಲು ಅಣ್ಣನಿಗೆ ನಾಲಿಗೆ ಏಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ ಇಬ್ಬರ ಮುಖವನ್ನೂ ನೋಡಿ, “ಆ ಹಳದಿ ತಗಡಾ? ಹಿತ್ತಲಲ್ಲಿ ನಾಯಿಗೂಡಿನ ಮೇಲಿದೆಯಲ್ಲಾ!” ಎಂದಳು.

ಮೂವರು ಗಂಡಸರೂ ಎದ್ದೆವೋ ಬಿದ್ದೆವೋ ಎಂದು ಓಡಿದರು. ಎರಡು ಮಡ್‌ಗಾರ್ಡುಗಳು ಒಂದಕ್ಕೊಂದು ಆತುಕೊಂಡು ಗೂಡಿನ ಸೂರಾಗಿದ್ದವು. ಬೆಲೆ ಕಟ್ಟುವವನು ಇಸ್ತ್ರಿ ಪ್ಯಾಂಟಿನಲ್ಲೇ ಕೆಸರಿಗೆ ಮಂಡಿಯೂರಿದ. ನಾಯಿ ಹಲ್ಲು ಕಿಸಿದು ಗುರ್ರೆಂದರೂ ಅವನಿಗೆ ಪರಿವೆಯಿಲ್ಲ. ಪಾಚಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸರಿಸಿದ. ಅಡಿಯಲ್ಲಿ ಹಳದಿ ಬಣ್ಣ ಹಾಗೇ ಇತ್ತು. “ಅಲ್ಯುಮಿನಿಯಂ ಆದ್ದರಿಂದ ಬಚಾವ್. ತೊಳೀಬೇಡಿ, ಉಜ್ಜಬೇಡಿ,” ಎಂದ, ಮಲಗಿದ ಮಗುವಿನ ಪಕ್ಕ ಮಾತಾಡುವವನಂತೆ.

ತಮ್ಮ ನಗುತ್ತಿದ್ದನೋ ಅಳುತ್ತಿದ್ದನೋ ಹೇಳುವಂತಿರಲಿಲ್ಲ. “ನಾಳೆನೇ ಯಾರನ್ನಾದ್ರೂ ಕರೆಸಿ ಆ ದರಿದ್ರವನ್ನ ಕತ್ತರಿಸಿ ಎಸೆದುಬಿಡೋಣ!” ಎಂದವನು ತನ್ನ ಮಾತು ತನಗೇ ಕೇಳಿ ಗಕ್ಕನೆ ನಿಂತ. “ಅಣ್ಣಾ, ನಾನು ಹಾಗಂದಿದ್ದಲ್ಲ...”

ಅಣ್ಣ ಅಂಗಿಯ ತೋಳು ಮಡಚುತ್ತಾ, “ಬೇರೆಯವರು ಬೇಡ. ನಾನೇ ಬಿಚ್ತೀನಿ,” ಎಂದ.

ಆ ಮಧ್ಯಾಹ್ನವೆಲ್ಲ ಅವನು ಒಬ್ಬನೇ ಕೂತು ಒಂದೊಂದೇ ರಿವೆಟ್ಟು ತೆಗೆದ. ಒಂದು ಗೀರೂ ಬೀಳಗೊಡಲಿಲ್ಲ. ಒಳಮೈಯಲ್ಲಿ ತನ್ನ ಸುತ್ತಿಗೆಯ ಗುರುತುಗಳು ಮೀನಿನ ಹುರುಪೆಯ ಹಾಗೆ ಸಾಲಾಗಿದ್ದವು. ಅವನ್ನು ಕೈಯಿಂದ ಒಮ್ಮೆ ಸವರಿದ. ಎರಡನ್ನೂ ಹೊತ್ತು ಹಿತ್ತಲಿಗೆ ಹೋದಾಗ ನಾಯಿ ಸೂರಿಲ್ಲದ ಗೂಡಿನಲ್ಲಿ ಮೋಡ ನೋಡುತ್ತಾ ಕೂತಿತ್ತು. ಅಣ್ಣ ಅವನ್ನು ಗೂಡಿನ ಮೇಲೆ ಒಂದಕ್ಕೊಂದು ಆನಿಸಿ, ಅಲುಗದಂತೆ ಕಲ್ಲು ಒತ್ತಿ ನಿಲ್ಲಿಸಿದ.

“ಅಯ್ಯೋ ಭಾವಾ, ಅಷ್ಟು ಒಳ್ಳೆಯದನ್ನ ನಾಯಿಗಾ?” ತಮ್ಮನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು.

“ಮಳೆ ಬರೋ ಹಾಗಿದೆಯಮ್ಮಾ. ಇದು ಹಳೇದಕ್ಕಿಂತ ಅಗಲ, ನಾಯಿ ನೆನೆಯಲ್ಲ.”