ಎಂಬತ್ನಾಲ್ಕು ಮಾತ್ರೆ

"ನಾಲಿಗೆ ಎತ್ತಿ," ಎಂದಳು ನರ್ಸು. ಟಾರ್ಚಿನ ಬೆಳಕು ಬಾಯೊಳಗೆಲ್ಲ ಓಡಾಡಿತು. ಟೈಲರ್ ಉಸಿರು ಬಿಗಿಹಿಡಿದ.

"ನಿಜವಾಗ್ಲೂ ನುಂಗಿದ್ರಾ?"

"ಆಗ್ಲೇ ಹೊಟ್ಟೆ ಸೇರ್ತಲ್ಲ, ಸಿಸ್ಟರ್."

ಮಾತ್ರೆ, ಉದುರಿಹೋದ ದವಡೆಹಲ್ಲಿನ ಸಂದಿಯಲ್ಲಿ ಭದ್ರವಾಗಿತ್ತು. ಬೀದಿಗೆ ಬಂದವನೇ ಅದನ್ನು ಕರವಸ್ತ್ರಕ್ಕೆ ಇಳಿಸಿದ.

ಗಂಡ ಹೆಂಡತಿ ಇಬ್ಬರಿಗೂ ಹೆಪಟೈಟಿಸ್ ಸಿ. ಹೊಸ ಔಷಧದ ಪ್ರಯೋಗಕ್ಕೆ ಆಸ್ಪತ್ರೆಯವರು ಅವನನ್ನು ಸೇರಿಸಿಕೊಂಡರು, ಅವಳನ್ನು ಬಿಟ್ಟರು. ಅವಳ ಲಿವರಿನ ಸ್ಥಿತಿ ಕೈಮೀರಿತ್ತು. ಡಾಕ್ಟರು ಬಿಡಿಸಿ ಹೇಳಿದ್ದರು: ವೈರಸ್ಸು ತನ್ನ ಪ್ರೋಟೀನುಗಳನ್ನೆಲ್ಲ ಒಂದೇ ಉದ್ದ ಪಟ್ಟಿಯಾಗಿ ತಯಾರಿಸುತ್ತದೆ. ಆ ಪಟ್ಟಿಯನ್ನು ತುಂಡರಿಸಲು ಅದರಲ್ಲೇ ಒಂದು ಪ್ರೋಟೀನು ಕತ್ತರಿಯ ಕೆಲಸ ಮಾಡುತ್ತದೆ. ಈ ಮಾತ್ರೆ ಆ ಕತ್ತರಿಯ ಬಾಯಿ ಕಟ್ಟುತ್ತದೆ.

"ಕತ್ತರಿ ಕೂತ್ರೆ ಅಂಗಡೀನೇ ಕೂತ ಹಾಗೆ," ಎಂದಿದ್ದ ಟೈಲರ್. ಅವನಿಗೆ ಅಷ್ಟು ಅರ್ಥವಾದದ್ದೇ ಸಾಕಿತ್ತು.

ಮಾತ್ರೆ ಮುಂದೆ ಹಿಡಿದಾಗ ಹೆಂಡತಿಯ ಹಳದಿ ಕಣ್ಣು ತುಂಬಿ ಬಂತು.

"ನಂದು ಮುಗೀತು ರೀ. ನೀವೇ ತಗೊಳ್ಳಿ."

"ನೀನಿಲ್ದೆ ನಾನುಳಿದು ಯಾರಿಗೆ ಹೊಲೀಲಿ?"

ಜಗಳವಾಡಿದಳು, ಅತ್ತಳು. ಕೊನೆಗೆ ಏನನ್ನಿಸಿತೋ, ಮಾತ್ರೆ ಇಸಿದುಕೊಂಡು ನೀರು ಕುಡಿಯಲೆಂದು ಅಡುಗೆಮನೆಗೆ ಹೋದಳು. ಬರುವಾಗ ಅವನಿಗೆ ಕಾಫಿ ತಂದಳು. ಅಂದಿನಿಂದ ದಿನವೂ ಅದೇ ಪದ್ಧತಿಯಾಯಿತು.

"ಕಾಫಿ ಯಾಕೋ ಕಹಿ ಕಣೆ."

"ಕಹಿ ಕಾಫೀದಲ್ಲ, ನಿಮ್ಮ ನಾಲಿಗೇದು. ತಳ ಕಾಣೋ ಹಾಗೆ ಕುಡೀರಿ."

ವಾರ ವಾರಕ್ಕೂ ಅವಳ ಹೊಟ್ಟೆ ಉಬ್ಬಿತು. ವಾರ ವಾರಕ್ಕೂ ಅವನು ಅವಳ ಬಟ್ಟೆಯ ಹೊಲಿಗೆ ಬಿಚ್ಚಿ ಸಡಿಲಿಸಿದ. ಔಷಧಿ ಹತ್ತೋಕೆ ಸಮಯ ಬೇಕು ಎಂದು ತನಗೆ ತಾನೇ ಹೇಳಿಕೊಂಡ. ಹನ್ನೆರಡು ವಾರ ಮುಗಿದವು. ಕೊನೆಯ ಮಾತ್ರೆ ಕೊಟ್ಟ ನಾಲ್ಕನೇ ದಿನ ಅವಳು ಹೋಗಿಬಿಟ್ಟಳು.

ಕೊನೆಯ ರಕ್ತಪರೀಕ್ಷೆಯ ಫಲಿತಾಂಶಕ್ಕೆ ಕರೆ ಬಂದಾಗ ಟೈಲರ್ ಹಲ್ಲು ಕಚ್ಚಿಕೊಂಡು ಹೋದ. ತನ್ನ ಕಳ್ಳಾಟವನ್ನು ಒಪ್ಪಿಕೊಳ್ಳಬೇಕು. ನಿಮ್ಮ ಮಾತ್ರೆ ಬರೀ ಬೊಗಳೆ ಎಂದು ಮುಖಕ್ಕೆ ಹೇಳಿ ಬರಬೇಕು.

ಅವನು ಬಾಯಿ ತೆರೆಯುವ ಮೊದಲೇ ಡಾಕ್ಟರು ಎದ್ದು ಬಂದು ಕೈ ಹಿಡಿದರು.

"ನಿಮ್ಮ ರಕ್ತದಲ್ಲಿ ವೈರಸ್ಸಿನ ಸುಳಿವೇ ಇಲ್ಲ! ಎಂಬತ್ನಾಲ್ಕು ಮಾತ್ರೆ, ಒಂದೂ ತಪ್ಪಿಸಿಲ್ಲ ನೀವು."

ಅವನು ಒಂದನ್ನೂ ನುಂಗಿರಲಿಲ್ಲ. ಎಂಬತ್ನಾಲ್ಕನ್ನೂ ಅವಳು ಕುಡಿಸಿದ್ದಳು.