ಹುಟ್ಟು

ನರ್ಮದೆಯ ನಡುನೀರಿನಲ್ಲಿ ದೋಣಿಯ ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಕಬೀರ್‌ವಡ್ ನಡುಗಡ್ಡೆಯ ಆಲದ ಮರ ನೋಡಿಕೊಂಡು ದಡಕ್ಕೆ ಮರಳುತ್ತಿದ್ದ ಒಂಬತ್ತು ಮಂದಿಯೂ ವಡೋದರಾದ ಕನ್ನಡ ಕುಟುಂಬಗಳವರು. ಮೂರು ದಿನದ ಪ್ರವಾಸ. ಮೊದಲು ನದಿ, ಆಮೇಲೆ ಡಾಂಗ್‌ನ ಗುಡ್ಡಗಾಡು. ಯಾವುದಕ್ಕೂ ಅವಸರ ಮಾಡುವುದಿಲ್ಲ ಎಂದು ಹೇಳಿಯೇ ಗೈಡ್ ಪೂರ್ವಿ ಅವರನ್ನು ಕರೆತಂದಿದ್ದಳು.

ದೋಣಿಯವನು ಎಂಜಿನ್ನಿನ ಹಗ್ಗವನ್ನು ಮತ್ತೆ ಮತ್ತೆ ಎಳೆದ. ನಾಲ್ಕನೆಯ ಸಲ ಕಾಲು ಜಾರಿ ಬಿದ್ದ. ಭುಜ ಹಲಗೆಗೆ ಬಡಿಯಿತು. ಎದ್ದು ಕೂತನಾದರೂ ಬಲಗೈ ಮೇಲೇಳಲಿಲ್ಲ. ದೋಣಿ ಅಡ್ಡ ತಿರುಗಿ ಸೆಳವಿನ ಜೊತೆ ಸಾಗತೊಡಗಿತು. ಇನ್ನೂರು ಮಾರು ಕೆಳಗೆ, ಮೀನಿನ ಬಲೆ ಕಟ್ಟುವ ಗೂಟಗಳ ಸಾಲು ನೀರಿನಿಂದ ತಲೆ ಎತ್ತಿ ನಿಂತಿತ್ತು. ಅದಕ್ಕೆ ಅಡ್ಡಲಾಗಿ ಬಡಿದರೆ ದೋಣಿ ಮಗುಚುವುದು ಖಂಡಿತ.

"ಯಾರೂ ನಿಲ್ಬೇಡಿ ಪ್ಲೀಸ್! ಬೇರೆ ದೋಣಿ ಕರೀತಾ ಇದೀನಿ" ಎಂದಳು ಪೂರ್ವಿ. ಸೂರತ್‌ನಲ್ಲೇ ಬೆಳೆದ ಅವಳ ಕನ್ನಡ ಮೊದಲೇ ಅಷ್ಟಕ್ಕಷ್ಟೆ. ಫೋನನ್ನು ಕಿವಿಗೆ ಒತ್ತಿಕೊಂಡಳು. ಆ ಕಡೆಯಿಂದ ಯಾರೂ ಫೋನ್ ಎತ್ತಲಿಲ್ಲ.

ಆಗ ಹಿಂದಿನ ಹಲಗೆಯ ಮೇಲಿದ್ದ ಶಕುಂತಲಾ ಎದ್ದು ನಿಂತರು. ಅರವತ್ತೊಂದು ವರ್ಷದ ಹೆಂಗಸು. ಬೆಳಗಿನಿಂದ ಅವರು ಆಡಿದ ಮಾತು ಹತ್ತು ಇರಲಿಕ್ಕಿಲ್ಲ. ಅವರಿಗೆ ಚಹಾ ಬೇಕೋ ಬೇಡವೋ ಎಂಬುದನ್ನೂ ಗಂಡ ಭೀಮಸೇನರೇ ಹೇಳಿಬಿಡುತ್ತಿದ್ದರು. ವಿಮಾ ಕಂಪನಿಯಲ್ಲಿ ದೊಡ್ಡ ಅಧಿಕಾರಿಯಾಗಿ ನಿವೃತ್ತರಾದವರು. ಶಕುಂತಲಾ ಸೆರಗನ್ನು ಸೊಂಟಕ್ಕೆ ಬಿಗಿದು, ದೋಣಿಯ ತಳದಲ್ಲಿ ಬಿದ್ದಿದ್ದ ಉದ್ದನೆಯ ಹುಟ್ಟನ್ನು ಎತ್ತಿಕೊಂಡರು.

"ಏನು ಹುಚ್ಚು ಇದು? ಕುಂದರು!" ಭೀಮಸೇನ ಗದರಿದರು.

"ನೀವು ಕುಂದರ್ರಿ. ನಡುವ ಸರೀರಿ. ಅಲುಗ್ಯಾಡಬ್ಯಾಡ್ರಿ."

ಈ ದನಿಯನ್ನು ಭೀಮಸೇನ ಮೂವತ್ತೆಂಟು ವರ್ಷದ ಹಿಂದೆ ಒಮ್ಮೆ ಕೇಳಿದ್ದರು. ನಡುವಿಗೆ ಸರಿದು ಕೂತರು.

ದೋಣಿಯವನು ಎಡಗೈಯಿಂದ ಸೆಳವಿನ ಮೇಲ್ಗಡೆ ಕಾಣುವ ದೋಣಿಕಟ್ಟೆ ತೋರಿಸಿ, "ಬೆನ್, ಉಧರ್! ಉಧರ್!" ಎಂದು ಕೂಗಿದ. ಶಕುಂತಲಾ ಆಗದೆಂದು ತಲೆಯಾಡಿಸಿದರು. "ಇಷ್ಟು ಮಂದೀನ ಹೊತ್ತು ಸೆಳವಿಗೆ ಎದುರು ಹೋಗಾಕ ಆಗೂದಿಲ್ಲ ಅಂತ ಹೇಳವ್ವ ಅವಗ" ಎಂದರು ಪೂರ್ವಿಗೆ. "ನೀರು ಹೋದಂಗ ಓರೆ ಹೋಗೂಣು. ಅಗೋ, ಅಲ್ಲಿ ಉಸುಕಿನ ದಿಬ್ಬ ಕಾಣತೈತಲ್ಲ, ಅಲ್ಲಿಗೆ."

ಮೊದಲ ಸಲ ಹುಟ್ಟು ನೀರಿನ ಮೇಲೆ ಜಾರಿತು. ಯಾರೋ ಚೀರಿದರು. ಎರಡನೆಯ ಸಲವೂ ದೋಣಿ ಮಿಸುಕಲಿಲ್ಲ. ಶಕುಂತಲಾ ಚಪ್ಪಲಿ ಬಿಟ್ಟು, ಬರಿಗಾಲಿನ ಹೆಬ್ಬೆರಳನ್ನು ಹಲಗೆಯ ಸಂದಿಗೆ ಒತ್ತಿ ನಿಂತರು. ಮೂರನೆಯ ಸಲ ಹುಟ್ಟು ಆಳಕ್ಕೆ ಇಳಿಯಿತು. ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ತಳ್ಳಿದರು. ದೋಣಿಯ ಮೂತಿ ನಿಧಾನಕ್ಕೆ ತಿರುಗಿತು. ಆಮೇಲೆ ಅವರು ನಿಲ್ಲಿಸಲೇ ಇಲ್ಲ. ಇಳಿಸು, ತಳ್ಳು, ಎತ್ತು. ಇಳಿಸು, ತಳ್ಳು, ಎತ್ತು. ಗೂಟಗಳು ಹತ್ತಿರ ಬಂದವು, ಅವುಗಳಿಗೆ ಸುತ್ತಿದ ಪಾಚಿ ಕಂಡಿತು. ಕೊನೆಯ ಗೂಟ ಕೈಯಳತೆಯಲ್ಲಿ ಹಾದುಹೋಯಿತು. ಇನ್ನಷ್ಟು ದೂರ ಸಾಗಿ ದೋಣಿಯ ತಳ ಕರಕರ ಎಂದು ಉಸುಕಿಗೆ ಉಜ್ಜಿ ನಿಂತಿತು.

ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ದೋಣಿಯವನು ಒಂದೇ ಕೈ ಎತ್ತಿ ಹಣೆಗೆ ಮುಟ್ಟಿಸಿಕೊಂಡ.

"ಆಂಟಿ, ನೀವು ಇದು ಎಲ್ಲಿ ಕಲಿತಿದ್ದೀರಾ?" ಪೂರ್ವಿ ಕೇಳಿದಳು.

ಶಕುಂತಲಾ ರೂಢಿಯಂತೆ ಗಂಡನ ಕಡೆ ನೋಡಿದರು. ಶಕುಂತಲಾರ ಅಪ್ಪ ನೀರಾವರಿ ಇಲಾಖೆಯಲ್ಲಿದ್ದರು ಎಂದು ಭೀಮಸೇನ ಇಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಈಗ ಅವರು ದೋಣಿಯಿಂದ ಇಳಿದು ಪ್ಯಾಂಟು ತೋಯಿಸಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು.

"ಕೃಷ್ಣಾ ನದಿ ನಡುಗಡ್ಡಿ ಒಳಗ, ನಮ್ಮ ರಾಯಚೂರ ಕಡೆ" ಎಂದರು ಭೀಮಸೇನ. ಗಂಟಲು ಸರಿಮಾಡಿಕೊಂಡು ಮತ್ತೆ ಜೋರಾಗಿ ಹೇಳಿದರು: "ಇಕಿ ಅಪ್ಪ ಅಂಬಿಗ. ನೌಕರಿಗೆ ಸೇರಿದ ಹೊಸದ್ರಾಗ ನಾ ಅಲ್ಲಿಗೆ ಕ್ಲೇಮ್ ನೋಡಾಕ ಹೋಗಿದ್ದೆ. ಆವತ್ತು ನನ್ನ ಹೊಳಿ ದಾಟಿಸಿದಾಕಿ ಇಕೀನ. ನೀರಾವರಿ ಇಲಾಖೆ ಅಂತ ನಾ ಹೇಳಿದ್ದು ಸುಳ್ಳು. ನಾಚಿಕಿಗೆ ಹೇಳಿದ್ದೆ. ಇವತ್ತು ಆ ನಾಚಿಕಿ ನೆನಸಿದ್ರ ನಾಚಿಕಿ ಬರತೈತಿ."

ಶಕುಂತಲಾ ಹುಟ್ಟನ್ನು ಊರಿಕೊಂಡು ನಿಂತು ಗಟ್ಟಿಯಾಗಿ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ವಡೋದರಾದ ಗೆಳತಿಯರು ನೋಡಿದ್ದು ಅದೇ ಮೊದಲು.

ಮರುದಿನ ಡಾಂಗ್‌ನ ಹಳ್ಳಿಯೊಂದರ ಅಂಗಳದಲ್ಲಿ ರಾಗಿ ರೊಟ್ಟಿ ತಿನ್ನುವಾಗ ಶಕುಂತಲಾರ ಅಂಗೈ ತುಂಬ ಬೊಬ್ಬೆ. ರೊಟ್ಟಿ ಮಾಡಿಕೊಟ್ಟ ಹೆಂಗಸು ಅರಿಶಿನ ಹಚ್ಚಿ ಬಟ್ಟೆ ಸುತ್ತಿದಳು. ಅಂಗೈಗೆ ಏನಾಯಿತೆಂದು ಆಕೆ ಕೇಳಿದಾಗ ಪೂರ್ವಿ ಗುಜರಾತಿಯಲ್ಲಿ ಇಡೀ ಕಥೆ ಹೇಳಿದಳು. ಭೀಮಸೇನ ನಡುವೆ ಬಾಯಿ ಹಾಕಿದ್ದು ಒಂದೇ ಸಲ, ಇನ್ನೂರು ಮಾರನ್ನು ಮುನ್ನೂರು ಮಾಡಲಿಕ್ಕೆ.

ಮೂರನೆಯ ದಿನ ಸಾಪುತಾರಾ ಗುಡ್ಡದ ಮೇಲಿನ ಕೆರೆಯಲ್ಲಿ ಎಲ್ಲರಿಗೂ ಶಕುಂತಲಾ ಇರುವ ದೋಣಿಯೇ ಬೇಕು. ಅವರು ಗಂಡನನ್ನು ಬಿಟ್ಟು ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ಭೀಮಸೇನರನ್ನು ಹುಟ್ಟುಗಳ ನಡುವೆ ಕೂರಿಸಿ, ತಾವು ಎದುರಿಗೆ ಕಾಲು ಚಾಚಿ ಕೂತರು. ದೋಣಿ ದಡ ಬಿಟ್ಟು ಹತ್ತು ಮಾರು ಹೋಗಿ ನಿಂತಲ್ಲೇ ಗಿರಗಿರ ಸುತ್ತತೊಡಗಿತು. ಭೀಮಸೇನ ಬೆವರುತ್ತ ಹುಟ್ಟುಗಳನ್ನು ದಬದಬ ಬಡಿಯುತ್ತಿದ್ದರು. ದಡದಲ್ಲಿದ್ದವರೆಲ್ಲ ನಗುತ್ತಿದ್ದರು.

"ಸಾವಕಾಶರಿ" ಎಂದರು ಶಕುಂತಲಾ. "ನೀರಿನ ಮ್ಯಾಲ ಜೋರು ಮಾಡಬ್ಯಾಡ್ರಿ. ಅದೇನು ನಿಮ್ಮ ಆಫೀಸಿನ ಗುಮಾಸ್ತ ಅಲ್ಲ."